ಬಿಟ್ಟು ಹೋದವರು ಊರಲ್ಲಿ ಏನು ಹೇಳುತ್ತಾರೆ? ಮಲೆನಾಡಿನ ಕಂಪನಿಗಳಿಗೆ ಜನ ಸಿಗುವ, ಸಿಕ್ಕವರು ಉಳಿಯುವ ದಾರಿ

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿಗೋ, ಸಾಗರ ರಸ್ತೆಯ ವರ್ಕ್‌ಶಾಪಿಗೋ, ತೀರ್ಥಹಳ್ಳಿ ಕಡೆಯ ರೆಸಾರ್ಟಿಗೋ ಹುಡುಗನೊಬ್ಬ ಸೇರುತ್ತಾನೆ ಅಂದರೆ ಮನೆಯಲ್ಲಿ ನಡೆಯುವ ವಿಚಾರಣೆ ಹೆಚ್ಚುಕಡಿಮೆ ಒಂದೇ. "ಅಲ್ಲಿ ನಮ್ಮೂರಿನವರು ಯಾರಿದ್ರು?" "ಅವನ್ಯಾಕೆ ಬಿಟ್ಟ?" "ಸಂಬಳ ಎಷ್ಟನೇ ತಾರೀಖಿಗೆ ಹಾಕ್ತಾರಂತೆ?" "ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಹೆಂಗೆ ಬರ್ತೀಯ?" ಈ ನಾಲ್ಕಕ್ಕೂ ಉತ್ತರ ಬರುವುದು ನಿಮ್ಮ ವೆಬ್‌ಸೈಟಿನಿಂದಲ್ಲ, ಹೋದ ವರ್ಷ ನಿಮ್ಮಲ್ಲಿ ಕೆಲಸ ಬಿಟ್ಟ ಒಬ್ಬನಿಂದ. ಅವನು ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಡೇರಿ ಮುಂದೆ ಹೇಳುವ ಎರಡು ಮಾತೇ ನಿಮ್ಮ ಹೆಸರು. ದೊಡ್ಡ ಕಂಪನಿಗಳ ಎಚ್‌ಆರ್‌ನವರು ಎಂಪ್ಲಾಯರ್ ಬ್ರ್ಯಾಂಡ್ ಅನ್ನುವುದು ಇದಕ್ಕೇ. ಬೆಂಗಳೂರಿನಲ್ಲಿ ಒಬ್ಬ ಬೇಸರ ಮಾಡಿಕೊಂಡು ಹೋದರೆ ಇನ್ನೊಬ್ಬ ಬರುತ್ತಾನೆ. ಹೊಸನಗರದ ಒಂದು ಹಳ್ಳಿಯಿಂದ ಬಂದವನು ಬೇಸರ ಮಾಡಿಕೊಂಡು ಹೋದರೆ ಆ ಹಳ್ಳಿಯ ಬಾಗಿಲೇ ಮುಚ್ಚುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಬಿಟ್ಟವರಿಂದ. ಪೋಸ್ಟರ್, ರೀಲ್ಸ್, ಟೀ ಶರ್ಟು ಎಲ್ಲ ಆಮೇಲೆ. ಕೆಲವು ಕಂಪನಿಗಳಿಗೆ ಅವು ಬೇಕಾಗುವುದೂ ಇಲ್ಲ.

ಮೊದಲು ಹಾಜರಿ ಪುಸ್ತಕ ತೆಗೆಯಿರಿ

ಹಿಂದಿನ 2 ವರ್ಷದಲ್ಲಿ ಬಿಟ್ಟವರ ಹೆಸರನ್ನೆಲ್ಲ ಒಂದು ಹಾಳೆಗೆ ಇಳಿಸಿ. ಪ್ರತಿಯೊಬ್ಬರ ಎದುರು ಆರು ಕಾಲಂ: ಸೇರಿದ ದಿನ, ಬಿಟ್ಟ ದಿನ, ವಿಭಾಗ, ಯಾರ ಕೈಕೆಳಗೆ ಇದ್ದರು, ಯಾವ ಊರು, ಯಾವ ಪಾಳಿ. ಬರೆದು ಮುಗಿಸುವಷ್ಟರಲ್ಲೇ ಅರ್ಧ ಕಥೆ ಗೊತ್ತಾಗಿರುತ್ತದೆ. ಒಂದೇ ಮೇಸ್ತ್ರಿ ಹೆಸರು ಏಳು ಸಲ ಬಂದಿರಬಹುದು. 90 ದಿನ ತುಂಬುವ ಮೊದಲೇ ಹೋದವರು ಅರ್ಧಕ್ಕಿಂತ ಹೆಚ್ಚಿರಬಹುದು. ನವೆಂಬರ್–ಡಿಸೆಂಬರ್‌ನಲ್ಲಿ ಗುಂಪಾಗಿ ಹೋಗಿರಬಹುದು. ಆ ತಿಂಗಳ ವಿಚಾರ ಮುಂದೆ ಬರುತ್ತದೆ.

ಆಮೇಲೆ ಅವರಿಗೆ ಫೋನ್ ಮಾಡಿ. ಮಾಲೀಕರೂ ಮಾಡಬಾರದು, ಮೇಸ್ತ್ರಿಯೂ ಮಾಡಬಾರದು. ಇಬ್ಬರಿಗೂ ನಿಜ ಹೇಳುವುದಿಲ್ಲ. ಲೆಕ್ಕ ನೋಡುವವರು, ಅಥವಾ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬರು, ಸಂಜೆ 7ರ ಮೇಲೆ ಮಾಡಲಿ. ಕೆಲಸ ಬಿಡುವ ದಿನ ಎಲ್ಲರೂ ಹೇಳುವುದು "ಮನೇಲಿ ಸ್ವಲ್ಪ ಪ್ರಾಬ್ಲಂ ಸಾರ್" ಅಂತಲೇ. ಲೆಕ್ಕ ಚುಕ್ತಾ ಆಗಿ ಒಂದೆರಡು ತಿಂಗಳು ಕಳೆದ ಮೇಲೆ ಬಾಯಿ ಬಿಡುತ್ತಾರೆ. ಕೇಳಬೇಕಾದ್ದು ಮೂರೇ ಪ್ರಶ್ನೆ: ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ, ಏನಾಗಿತ್ತು? ಈಗಿನ ಕೆಲಸದಲ್ಲಿ ಏನು ವಾಸಿ? ನಿಮ್ಮ ತಮ್ಮನನ್ನು ಇಲ್ಲಿಗೆ ಕಳಿಸುತ್ತೀರಾ? ಮೂರನೆಯದಕ್ಕೆ "ನೋಡಣ" ಅಂತ ಬಂದರೆ ಅದನ್ನು "ಇಲ್ಲ" ಅಂತಲೇ ಬರೆದುಕೊಳ್ಳಿ. 20 ಜನರಲ್ಲಿ 10–12 ಜನ ಮಾತಾಡಿದರೂ ಸಾಕು, ಅದೇ ಎರಡು ಮೂರು ಕಾರಣ ಸುತ್ತಿ ಸುತ್ತಿ ಬರುತ್ತವೆ.

ಒಬ್ಬ ಬಿಟ್ಟರೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿಕೊಳ್ಳದೆ ಮುಂದಿನ ಯಾವುದಕ್ಕೂ ಮನಸ್ಸು ಬರುವುದಿಲ್ಲ. ತಿಂಗಳಿಗೆ 20,000 ಪಡೆಯುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಆಪರೇಟರ್ ಹೋದ, 20 ಕೆಲಸದ ದಿನ ಜಾಗ ಖಾಲಿ ಅಂದುಕೊಳ್ಳಿ. ಇಬ್ಬರು ದಿನಕ್ಕೆ 2–2 ಗಂಟೆ ಓಟಿ (ಓವರ್‌ಟೈಮ್) ಮಾಡಿ ಅರ್ಧ ಕೆಲಸ ತೂಗಿಸಿದರು. 26 ದಿನ, 8 ಗಂಟೆ ಲೆಕ್ಕದಲ್ಲಿ ಗಂಟೆಗೆ 96 ರೂಪಾಯಿ, ಓಟಿಗೆ ಎರಡರಷ್ಟು, ಅಂದರೆ 192. 80 ಗಂಟೆಗೆ ಸುಮಾರು 15,400. ಖಾಲಿ ಇದ್ದ 20 ದಿನದ ಸಂಬಳ ಉಳಿಯಿತಲ್ಲ ಅಂತೀರಾ? ಅದೂ ಅಷ್ಟೇ, 15,400. ಅಲ್ಲಿಗಲ್ಲಿಗೆ ಸರಿಹೋಯಿತು, ಆದರೆ ಮೆಷಿನ್ 80 ಗಂಟೆ ಸುಮ್ಮನೆ ನಿಂತಿತು. ನಿಮ್ಮ ಮೆಷಿನ್ ಗಂಟೆಯ ದರ 300 ಆಗಿದ್ದರೆ ಅದೇ 24,000. ಹೊಸಬ ಬಂದು ಒಂದೂವರೆ ತಿಂಗಳು ಅರ್ಧ ಕೆಲಸ ಮಾಡಿದರೆ 15,000. ಕಲಿಸುವ ಹಿರಿಯನ ದಿನಕ್ಕೊಂದು ಗಂಟೆ 25 ದಿನಕ್ಕೆ 3,000ದ ಹತ್ತಿರ. ರಿಜೆಕ್ಷನ್ (ಕೆಟ್ಟು ಹೋದ ಪೀಸು) ಸೇರಿಸದೆಯೇ 42,000. ಒಬ್ಬನನ್ನು ಕಳೆದುಕೊಂಡರೆ ಅವನ ಎರಡು ತಿಂಗಳ ಸಂಬಳ ಹೋಯಿತು ಅಂತ ಅರ್ಥ. ನಿಮ್ಮ ಸಂಖ್ಯೆಗಳನ್ನು ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿ, ವ್ಯಾನಿನ ಬಾಡಿಗೆ ಆಗ ದುಬಾರಿ ಅನ್ನಿಸುವುದಿಲ್ಲ.

ಸಂಬಳದ ತಾರೀಖು

ಸಂಬಳ 500 ರೂಪಾಯಿ ಹೆಚ್ಚು ಕೊಟ್ಟಿದ್ದನ್ನು ಜನ ಮರೆಯುತ್ತಾರೆ, ತಾರೀಖು ತಪ್ಪಿದ್ದನ್ನು ಮರೆಯುವುದಿಲ್ಲ. ಸಂಘದ ಕಂತು, ಬೈಕ್ ಲೋನ್ ಎಲ್ಲ ತಾರೀಖಿಗೇ ಕಟ್ ಆಗುತ್ತವೆ. ನಿಮ್ಮದು ಮೂರು ದಿನ ತಡವಾದರೆ ಅವನ ಖಾತೆಯಲ್ಲಿ ಬೌನ್ಸ್ ಚಾರ್ಜ್ ಬೀಳುತ್ತದೆ, ಅದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಕಾನೂನಿನ ಗಡುವು ಮುಂದಿನ ತಿಂಗಳ 7. ನೀವು 5 ಅಂತ ಇಟ್ಟುಕೊಳ್ಳಿ, 5 ಭಾನುವಾರವಾದರೆ 4. ಬೋರ್ಡಿನ ಮೇಲೆ ಬರೆದು ಹಾಕಿ, 12 ತಿಂಗಳು ತಪ್ಪದೆ ನಡೆಸಿ. ಇಷ್ಟನ್ನೇ ಮಾಡಿದರೂ ಅಕ್ಕಪಕ್ಕದವರಿಗಿಂತ ನಿಮ್ಮ ಹೆಸರು ಮೇಲಿರುತ್ತದೆ.

ತಪ್ಪುವುದು ಎಲ್ಲಿ ಅಂದರೆ ಗಿರಾಕಿಯಿಂದ ಬಿಲ್ಲಿನ ದುಡ್ಡು ಬರುವುದು 60–90 ದಿನಕ್ಕೆ, ಸಂಬಳ ಕೊಡಬೇಕಾದ್ದು 30ಕ್ಕೆ. 30 ಜನರ ಘಟಕಕ್ಕೆ ಒಂದು ತಿಂಗಳ ಸಂಬಳದಷ್ಟು ದುಡ್ಡು, ಸುಮಾರು 6 ಲಕ್ಷ, ಬೇರೆ ಖಾತೆಯಲ್ಲಿ ಕಟ್ಟಿಡಿ. ಒಂದೇ ಸಲ ಆಗದಿದ್ದರೆ ಪ್ರತಿ ಬಿಲ್ಲಿನಿಂದ ಶೇ. 3 ಎತ್ತಿಡುತ್ತಾ ಹೋಗಿ. ಅದರಿಂದ ಕಚ್ಚಾಮಾಲು ಕೊಳ್ಳಬಾರದು, ಏನೇ ಆಗಲಿ.

ಎರಡನೆಯ ಜಗಳ ಕೈಗೆ ಬರುವ ಮೊತ್ತದ್ದು. "ಸಂಬಳ 20,000" ಅಂತ ಹೇಳಿ ಕರೆಸುತ್ತಾರೆ, ಖಾತೆಗೆ 16,000 ಬೀಳುತ್ತದೆ, ಹುಡುಗ ಮೋಸ ಹೋದೆ ಅಂದುಕೊಳ್ಳುತ್ತಾನೆ. ಮೋಸ ಆಗಿಲ್ಲ, ಲೆಕ್ಕ ಹೇಳಿಲ್ಲ ಅಷ್ಟೇ. ಒಟ್ಟು 18,000, ಅದರಲ್ಲಿ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) 15,000 ಇದ್ದರೆ: ಪಿಎಫ್ ಶೇ. 12, ಅಂದರೆ 1,800, ಇಎಸ್‌ಐ ಶೇ. 0.75, ಅಂದರೆ 135, ಕೈಗೆ 16,065. ಮಾಲೀಕರ ಪಾಲು ಪಿಎಫ್ ಮತ್ತದರ ಶುಲ್ಕಗಳು ಸೇರಿ ಶೇ. 13, 1,950, ಇಎಸ್‌ಐ ಶೇ. 3.25, 585. ಕಂಪನಿಯ ಖರ್ಚು 20,535, "20,000" ಅಂದದ್ದು ಇದನ್ನೇ. ಈ ಪೂರ್ತಿ ಲೆಕ್ಕವನ್ನು ಸೇರುವ ಮೊದಲೇ ಕಾಗದದ ಮೇಲೆ ಕನ್ನಡದಲ್ಲಿ ಬರೆದು ಕೊಡಿ, ಜಾಹೀರಾತಿನಲ್ಲಿ 16,065ನ್ನೇ ಹಾಕಿ. ಮೊದಲ ತಿಂಗಳೇ ಬಿಟ್ಟು ಹೋಗುವವರು ಇದೊಂದರಿಂದಲೇ ಕಡಿಮೆಯಾಗುತ್ತಾರೆ.

ಪಿಎಫ್ 20 ಜನರಿಂದ, ಇಎಸ್‌ಐ 10 ಜನರಿಂದ ಕಡ್ಡಾಯ. ಇಎಸ್‌ಐಗೆ ವೇತನ ಮಿತಿ ತಿಂಗಳಿಗೆ 21,000. ಕಟ್ಟಿದರಷ್ಟೇ ಸಾಲದು, ಕಟ್ಟಿದ್ದು ಅವರಿಗೆ ಕಾಣಬೇಕು. ಹೊಸಬನಿಗೆ ಮೊದಲ ವಾರದಲ್ಲೇ ಉಮಂಗ್ ಆ್ಯಪ್‌ನಲ್ಲಿ ಯುಎಎನ್ (ಅವನ ಪಿಎಫ್ ನಂಬರು) ಹಾಕಿ ಪಾಸ್‌ಬುಕ್ ನೋಡುವುದನ್ನು ಕಲಿಸಿ. ಇಎಸ್‌ಐ ಕಾರ್ಡ್ ಪ್ರಿಂಟ್ ತೆಗೆದುಕೊಡಿ, ಅಪ್ಪ ಅಮ್ಮ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ನೋಡಿ, ಯಾವ ಡಿಸ್ಪೆನ್ಸರಿ ಅಂತ ತೋರಿಸಿ. ಅಪ್ಪನ ಆಪರೇಷನ್ ಇಎಸ್‌ಐನಲ್ಲಿ ಆಯಿತು ಅನ್ನುವ ಸುದ್ದಿ ಒಂದು ಊರಿಗೆ ಮುಟ್ಟಿತು ಅಂದರೆ ನಿಮ್ಮ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ. ಅಂದಹಾಗೆ ಆಧಾರ್‌ನಲ್ಲಿ "ಮಂಜುನಾಥ ಎಚ್", ಪಿಎಫ್‌ನಲ್ಲಿ "ಎಚ್ ಮಂಜುನಾಥ್" ಇದ್ದರೆ ದುಡ್ಡು ತೆಗೆಯುವಾಗ ಒದ್ದಾಟ. ಸೇರುವ ದಿನವೇ ಅಕ್ಷರ ಅಕ್ಷರ ತಾಳೆ ನೋಡಿ.

ಸಾಲದ್ದೂ ಒಂದು ನಿಯಮ ಇರಲಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಹಬ್ಬ, ಆಸ್ಪತ್ರೆ ಅಂತ ಅಡ್ವಾನ್ಸ್ ಕೇಳೇ ಕೇಳುತ್ತಾರೆ. ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಇಲ್ಲ ಅಂದರೆ ಅದು ಬೇಗ ಹಬ್ಬುತ್ತದೆ. 1 ವರ್ಷ ಆದವರಿಗೆ 1 ತಿಂಗಳ ಸಂಬಳದವರೆಗೆ, 6 ಕಂತು, ಬಡ್ಡಿ ಇಲ್ಲ, ಒಂದು ಸಾಲ ತೀರದೆ ಇನ್ನೊಂದಿಲ್ಲ. ಇಷ್ಟು ಬರೆದಿಟ್ಟರೆ ಕೇಳುವವರಿಗೂ ಮುಜುಗರ ಇಲ್ಲ, ಕೊಡುವವರಿಗೂ ಇಲ್ಲ. ಬೋನಸ್ ಕೂಡ ಹಾಗೇ: ಎಷ್ಟು, ಯಾವತ್ತು ಅಂತ ದೀಪಾವಳಿಗೆ ಮೂರು ವಾರ ಮೊದಲೇ ಹೇಳಿಬಿಡಿ.

ಕೊನೆ ಬಸ್ಸು ಮತ್ತು ಮಳೆ

ಪಾಳಿಯ ಸಮಯವನ್ನು ಇಲ್ಲಿ ಗಡಿಯಾರ ನೋಡಿ ಇಡುವುದಲ್ಲ, ಬಸ್ಸು ನೋಡಿ ಇಡಬೇಕು. ಪ್ರತಿಯೊಬ್ಬರ ಊರು, ಇಳಿಯುವ ಸ್ಟಾಪು, ಬೆಳಿಗ್ಗೆಯ ಮೊದಲ ಬಸ್ಸು, ರಾತ್ರಿಯ ಕೊನೆ ಬಸ್ಸು ಇಷ್ಟನ್ನು ಒಂದು ಪಟ್ಟಿ ಮಾಡಿ. 6ಕ್ಕೆ ಬಿಟ್ಟರೆ 6:05ರ ಬಸ್ಸು ತಪ್ಪಿ 7:30ರವರೆಗೆ ನಿಲ್ಲುವವರು ಐದು ಜನ ಇದ್ದರೆ ಪಾಳಿಯನ್ನು 5:45ಕ್ಕೆ ಮುಗಿಸಿ, ಬೆಳಿಗ್ಗೆ 15 ನಿಮಿಷ ಮೊದಲು ಶುರು ಮಾಡಿ. ಖರ್ಚು ಸೊನ್ನೆ. ಆ ಐವರಿಗೆ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಉಳಿಯಿತು.

ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಾಗಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ಒಂದೇ ಸಂಬಳದಲ್ಲಿ ಭದ್ರಾವತಿಯಿಂದ ಬರುವವಳಿಗೆ ದಾರಿ ಖರ್ಚಿಲ್ಲ, ಒಳಹಳ್ಳಿಯವಳಿಗೆ ತಿಂಗಳಿಗೆ 1,500 ಹೋಗುತ್ತದೆ. ಇದನ್ನು ಗಮನಿಸಿ ಖಾಸಗಿ ಬಸ್ಸಿನ ಪಾಸಿನ ಅರ್ಧ ಕೊಡುವ ಕಂಪನಿಗೆ ದೂರದಿಂದಲೂ ಜನ ಬರುತ್ತಾರೆ. ಎರಡನೇ ಪಾಳಿಗೆ ವ್ಯಾನ್ ಇಲ್ಲದೆ ಜನ ಕೇಳುವುದೇ ತಪ್ಪು. ವ್ಯಾನ್ ಮೇನ್ ರೋಡಿನಲ್ಲಿ ಇಳಿಸಿ ಹೋದರೆ ಅಲ್ಲಿಂದ ತೋಟದ ಮನೆಗೆ ಎರಡು ಕಿಲೋಮೀಟರ್ ಕತ್ತಲೆಯಲ್ಲಿ ನಡೆಯಬೇಕಾ ಅಂತಲೂ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆ ತಡ ಮಾಫಿ ಅಂತ ಬರೆದು ಹಾಕಿ. ಮರ ಬಿದ್ದು ದಾರಿ ಬಂದ್ ಆದ ದಿನ ಬಂದವನ ಅರ್ಧ ದಿನದ ಸಂಬಳ ಕತ್ತರಿಸಿದರೆ ಮುಂದಿನ ಸಲ ಅವನು ಬರುವುದೇ ಇಲ್ಲ. ಇನ್ನೊಂದು ಸಣ್ಣ ವಿಷಯ: ರೇನ್‌ಕೋಟ್. 40 ಜನರ 40 ರೇನ್‌ಕೋಟು ಒಂದೇ ಬೆಂಚಿನ ಮೇಲೆ ರಾಶಿ ಬಿದ್ದು, ಸಂಜೆ ಒದ್ದೆ ಒದ್ದೆ ಹಾಕಿಕೊಂಡು ಹೋಗುವ ದೃಶ್ಯ ಸುಮಾರು ಕಡೆ ಇದೆ. ಶೀಟಿನ ಕೆಳಗೆ ನಾಲ್ಕು ಸಾಲು ಹಗ್ಗ, ಹೆಸರು ಬರೆದ ಕ್ಲಿಪ್ಪು, ಕೆಳಗೆ ನೀರು ಹೋಗಲು ಒಂದು ಸಣ್ಣ ಚರಂಡಿ. ಕಂಪ್ರೆಸರ್ ರೂಮಿನ ಬಿಸಿಗಾಳಿ ಆ ಕಡೆ ತಿರುಗಿಸಿದರೆ ಮಧ್ಯಾಹ್ನಕ್ಕೆ ಒಣಗಿರುತ್ತವೆ. ಎರಡು ಸಾವಿರದ ಒಳಗೆ ಆಗುವ ಕೆಲಸ. ಇದನ್ನು ಯಾರೂ ಬೇಡಿಕೆ ಅಂತ ಕೇಳುವುದಿಲ್ಲ, ಮನೆಗೆ ಹೋಗಿ ಹೇಳುತ್ತಾರೆ.

ಕೊಯ್ಲಿಗೆ ರಜೆ ಕೊಡದಿದ್ದರೂ ರಜೆ ಆಗುತ್ತದೆ

ಹೊರಗಿನಿಂದ ಬಂದ ಮ್ಯಾನೇಜರುಗಳು ಎಡವುವುದು ಇಲ್ಲೇ. ನಿಮ್ಮ ಕೆಲಸಗಾರರಲ್ಲಿ ಬಹಳ ಜನರಿಗೆ ಅರ್ಧ ಎಕರೆಯೋ ಒಂದು ಎಕರೆಯೋ ಅಡಿಕೆ ಇರುತ್ತದೆ. ಮಳೆಗಾಲದ ಮೊದಲು ಕೊಳೆ ಔಷಧಿ, ಜುಲೈ–ಆಗಸ್ಟ್‌ನಲ್ಲಿ ಗದ್ದೆ ನಾಟಿ, ದೀಪಾವಳಿಯ ಆಸುಪಾಸಿನಿಂದ ಕೊಯ್ಲು, ಸುಲಿಯುವುದು, ಬೇಯಿಸುವುದು. ಅಡಿಕೆ ಗೊನೆ ತೆಗೆಯುವವನ ಸರದಿ ಯಾವತ್ತು ಬರುತ್ತದೋ ಆವತ್ತು ಮನೆಯ ಗಂಡಾಳು ಅಲ್ಲಿರಲೇಬೇಕು. ತಿಂಗಳ ಮೊದಲೇ ದಿನಾಂಕ ಹೇಳು ಅಂದರೆ ಅವನಿಗೇ ಗೊತ್ತಿರುವುದಿಲ್ಲ. ರಜೆ ಇಲ್ಲ ಅಂದರೆ ಫೋನ್ ಸ್ವಿಚ್ ಆಫ್. ಮೂರು ದಿನ ಬಿಟ್ಟು ಬರುವುದಕ್ಕೆ ಹೆದರಿ ಬರುವುದೇ ಇಲ್ಲ. ನವೆಂಬರ್‌ನಲ್ಲಿ ಬಿಟ್ಟವರ ಪಟ್ಟಿ ಉದ್ದ ಇರುವುದಕ್ಕೆ ಇದೇ ಕಾರಣ.

ಮಾಡಬೇಕಾದ್ದು ಹೀಗೆ. ಸೆಪ್ಟೆಂಬರ್ 15ರೊಳಗೆ ಯಾರ ಮನೆಯಲ್ಲಿ ಕೊಯ್ಲಿದೆ, ಸುಮಾರಾಗಿ ಯಾವ ವಾರ ಅಂತ ಪಟ್ಟಿ ಮಾಡಿ. ಇರುವ ಗಳಿಕೆ ರಜೆಯಲ್ಲೇ 4 ದಿನವನ್ನು ಕೊಯ್ಲು ರಜೆ ಅಂತ ಬೇರೆ ಇಡಿ; ಮೂರು ದಿನ ಮೊದಲು ಹೇಳಿದರೆ ಸಾಕು, ಮೇಸ್ತ್ರಿ ಇಲ್ಲ ಅನ್ನುವ ಹಾಗಿಲ್ಲ. ಆದರೆ ಒಂದು ಪಾಳಿಯಲ್ಲಿ ಒಟ್ಟಿಗೆ ಆರರಲ್ಲಿ ಒಬ್ಬರಿಗಿಂತ ಹೆಚ್ಚು ಬೇಡ, ಅದಕ್ಕಿಂತ ಹೆಚ್ಚಾದರೆ ಅವರವರಲ್ಲೇ ಸರದಿ ಬದಲಿಸಿಕೊಳ್ಳಲಿ. ಅವರು ಅದನ್ನು ಚೆನ್ನಾಗಿಯೇ ಮಾಡಿಕೊಳ್ಳುತ್ತಾರೆ, ಮುಯ್ಯಾಳು ಲೆಕ್ಕ ಗೊತ್ತಿರುವ ಜನ. ಕೊಯ್ಲಿನ ತಿಂಗಳುಗಳಿಗೆ ಎರಡೆರಡು ಮೆಷಿನ್ ಗೊತ್ತಿರುವವರು ಇರಬೇಕು ಅಂದರೆ ಅವರನ್ನು ಆಗಸ್ಟ್‌ನಲ್ಲೇ ತಯಾರು ಮಾಡಬೇಕು. ಗಿರಾಕಿಯ ದೊಡ್ಡ ಆರ್ಡರಿನ ದಿನಾಂಕ ಒಪ್ಪುವಾಗಲೂ ಈ ಪಟ್ಟಿ ಮೇಜಿನ ಮೇಲಿರಲಿ.

ಹಬ್ಬದ ರಜೆಯೂ ಇದರ ತಮ್ಮನೇ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಲ್ಲರಿಗೂ. ಉಳಿದ ಹಬ್ಬದ ರಜೆಗಳನ್ನು ಕಚೇರಿಯಲ್ಲಿ ಕೂತು ನಿರ್ಧರಿಸದೆ ಕೆಲಸಗಾರರನ್ನು ಕೇಳಿ. ಭೂಮಿ ಹುಣ್ಣಿಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಸಾಗರದ ಮಾರಿಜಾತ್ರೆ ಇವು ಬೆಂಗಳೂರಿನ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ರಂಜಾನ್, ಬಕ್ರೀದ್, ಕ್ರಿಸ್‌ಮಸ್ ಆಚರಿಸುವವರಿಗೆ ಅದಲು ಬದಲು ಮಾಡಿಕೊಳ್ಳುವ ಅವಕಾಶ ಇರಲಿ.

ಮೇಸ್ತ್ರಿಯ ಬಾಯಿ

ಮೊದಲ ಪಟ್ಟಿಯಲ್ಲಿ ಒಬ್ಬನೇ ಸೂಪರ್‌ವೈಸರ್ ಹೆಸರು ಮತ್ತೆ ಮತ್ತೆ ಬಂದರೆ ಅದನ್ನು ಮುಚ್ಚಿಡಬೇಡಿ. ಹೆಚ್ಚಾಗಿ ಅವನೇ ನಿಮ್ಮಲ್ಲಿ ಕೆಲಸ ಚೆನ್ನಾಗಿ ಬಲ್ಲವನು, ಅದಕ್ಕೇ ಯಾರೂ ಮುಟ್ಟಿರುವುದಿಲ್ಲ. ಈ ಕಡೆ ಹಿರಿಯರು "ಬಾರೋ, ಮಾಡೋ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲರ ಎದುರು "ಲೇ" ಅನ್ನುವುದು, ಅಪ್ಪ ಅಮ್ಮನ ಹೆಸರೆತ್ತುವುದು, ಜಾತಿ, ಊರು ಹಿಡಿದು ಹಂಗಿಸುವುದು ಬೇರೆ. ಡಿಪ್ಲೊಮಾ ಮುಗಿಸಿ ಬಂದ 21 ವರ್ಷದವನು ಅದನ್ನು ಒಂದೇ ಸಲ ಕೇಳುತ್ತಾನೆ, ಎರಡನೇ ಸಲ ಇರುವುದಿಲ್ಲ. ಹೇಳುವ ನಿಯಮ ಎರಡು ಸಾಕು: ತಪ್ಪನ್ನು ಪಕ್ಕಕ್ಕೆ ಕರೆದು ಹೇಳಬೇಕು; ಪೀಸ್ ಕೈಯಲ್ಲಿ ಹಿಡಿದು ಎಲ್ಲಿ ತಪ್ಪಿದೆ ಅಂತ ಅಳತೆ ತೋರಿಸಿ ಹೇಳಬೇಕು. ಮೇಸ್ತ್ರಿಯ ಇನ್ಸೆಂಟಿವ್‌ನಲ್ಲಿ ಮೂರನೇ ಒಂದು ಪಾಲನ್ನು ಉತ್ಪಾದನೆಯಿಂದ ತೆಗೆದು, ಅವನ ಕೈಕೆಳಗೆ ಸೇರಿದವರಲ್ಲಿ 6 ತಿಂಗಳು ಉಳಿದವರೆಷ್ಟು ಅನ್ನುವುದಕ್ಕೆ ಕಟ್ಟಿ. ಮೂರು ತಿಂಗಳಲ್ಲಿ ಬಾಯಿ ತಾನಾಗಿ ಮೆತ್ತಗಾಗುತ್ತದೆ.

ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಮನೆಯವರು ಕೇಳುವುದು ಇನ್ನೂ ನೇರ. ಶೌಚಾಲಯಕ್ಕೆ ಒಳಗಿನಿಂದ ಚಿಲಕ, ನೀರು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಗೇಟಿನಿಂದ ಬಸ್ ಸ್ಟಾಪಿನವರೆಗೆ ಬೆಳಕು. 10 ಜನ ಇದ್ದರೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಕಡ್ಡಾಯ: ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಸಮಿತಿಯವರ ಫೋನ್ ನಂಬರು ಕಚೇರಿಯ ಗೋಡೆಯ ಮೇಲಲ್ಲ, ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ನಿಂತು ಓದುವುದನ್ನು ಯಾರೂ ನೋಡದ ಜಾಗ ಅದೊಂದೇ.

ಬೆಂಗಳೂರಿಗೆ ಹೋಗುವವನಿಗೆ ಏನು ಹೇಳುವುದು

"ಅಲ್ಲಿ 24,000 ಕೊಟ್ಟರೂ ರೂಮಿಗೆ 5,000, ಊಟಕ್ಕೆ 4,500, ಓಡಾಟಕ್ಕೆ 1,500, ಎರಡು ಸಲ ಊರಿಗೆ ಬಂದು ಹೋಗಲು 1,600, ಉಳಿಯುವುದು 11,400. ಇಲ್ಲಿ 16,065ರಲ್ಲಿ ಬಸ್ಸು, ತಿಂಡಿ ಅಂತ 3,000 ಹೋದರೂ 13,000 ಉಳಿಯುತ್ತೆ." ಈ ಲೆಕ್ಕ ಸರಿ, ಆದರೆ ಅದು ಒಪ್ಪಿಗೆಯಾಗುವುದು ಅವನ ಅಪ್ಪ ಅಮ್ಮನಿಗೆ. ಇಪ್ಪತ್ತೆರಡರ ಹುಡುಗ ಬೆಂಗಳೂರಿಗೆ ಹೋಗುವುದು ದುಡ್ಡಿಗಷ್ಟೇ ಅಲ್ಲ, ಇಲ್ಲಿದ್ದರೆ ಐದು ವರ್ಷ ಆದರೂ ಅದೇ ಪೀಸ್ ಲೋಡ್ ಮಾಡುತ್ತಾ ಇರುತ್ತೀನಿ ಅನ್ನುವ ಹೆದರಿಕೆಗೆ. ಆ ಹೆದರಿಕೆಗೆ ಕಾಗದದ ಮೇಲೆ ಉತ್ತರ ಇರಬೇಕು.

ಸಿಎನ್‌ಸಿ ಅಂಗಡಿಯ ಮಟ್ಟಿಗೆ ಹಂತಗಳು ಹೀಗಿರಬಹುದು. ಮೊದಲ 3 ತಿಂಗಳು ಲೋಡಿಂಗ್, ವರ್ನಿಯರ್ ಮತ್ತು ಮೈಕ್ರೋಮೀಟರ್ ತಪ್ಪಿಲ್ಲದೆ ಓದುವುದು. 9 ತಿಂಗಳಿಗೆ ಇನ್ಸರ್ಟ್ (ಕತ್ತರಿಸುವ ತುದಿ) ಬದಲಾಯಿಸಿ ಆಫ್‌ಸೆಟ್ (ಮೆಷಿನ್‌ನಲ್ಲಿ ಹಾಕುವ ಅಳತೆ) ತಿದ್ದುವುದು. 18 ತಿಂಗಳಿಗೆ ಡ್ರಾಯಿಂಗ್ ನೋಡಿ ತಾನೇ ಸೆಟ್ಟಿಂಗ್ ಮಾಡುವುದು. 30 ತಿಂಗಳಿಗೆ ಸಣ್ಣ ಪ್ರೋಗ್ರಾಂ ಬರೆಯುವುದು. ಪ್ರತಿ ಹಂತಕ್ಕೂ ಒಂದು ಪರೀಕ್ಷೆಯ ಪೀಸು, ಪಾಸಾದರೆ ಮುಂದಿನ ತಿಂಗಳಿನಿಂದಲೇ 1,200–1,500 ಹೆಚ್ಚು. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಎಲ್ಲರಿಗೂ ಒಂದೇ ಥರ ಏರಿಸುವುದಕ್ಕಿಂತ ಇದು ಉಳಿಸುವ ಶಕ್ತಿ ಹೆಚ್ಚು. ಫೌಂಡ್ರಿಯಲ್ಲಿ ಫೆಟ್ಲಿಂಗ್‌ನಿಂದ (ಎರಕದ ಅಂಚು ಉಜ್ಜಿ ತೆಗೆಯುವ ಕೆಲಸ) ಕೋರ್, ಮೋಲ್ಡಿಂಗ್, ಮೆಲ್ಟಿಂಗ್ ಅಂತ ಇದೇ ರೀತಿ ಮಾಡಬಹುದು. ಕಲಿತು ಮೂರು ವರ್ಷಕ್ಕೆ ಹೋಗುವವನು ಹೋಗಲಿ. "ಅಲ್ಲಿ ಹೋದರೆ ಸೆಟ್ಟಿಂಗ್ ಕಲಿಸ್ತಾರೆ" ಅನ್ನುವ ಮಾತು ಐಟಿಐ ಹಾಸ್ಟೆಲಿಗೆ ಮುಟ್ಟುವುದು ಅವನಿಂದಲೇ.

ಈಗ ಜಾಹೀರಾತು

ಮೇಲಿನದರಲ್ಲಿ ಅರ್ಧದಷ್ಟಾದರೂ ನಡೆಯುತ್ತಿದೆ ಅಂದಮೇಲೆ ಬಾಯಿ ಬಿಟ್ಟು ಹೇಳಿ. "ಆಕರ್ಷಕ ಸಂಬಳ, ಉತ್ತಮ ವಾತಾವರಣ" ಅನ್ನುವ ಸಾಲು ಯಾರನ್ನೂ ಕರೆತರುವುದಿಲ್ಲ. ಒಂದು ಮಾದರಿ:

"ಮಾಚೇನಹಳ್ಳಿಯಲ್ಲಿ ಸಿಎನ್‌ಸಿ ಕೆಲಸಕ್ಕೆ 3 ಜನ ಬೇಕು. ಐಟಿಐ ಟರ್ನರ್ ಅಥವಾ ಮೆಷಿನಿಸ್ಟ್. ಅನುಭವ ಇಲ್ಲದಿದ್ದರೂ ಕಲಿಸುತ್ತೇವೆ. ಕೈಗೆ 16,065, ಪಿಎಫ್, ಇಎಸ್‌ಐ ಬೇರೆ. ಸಂಬಳ ಪ್ರತಿ ತಿಂಗಳು 5ಕ್ಕೆ. ತಿಂಗಳಲ್ಲಿ ಎರಡು ವಾರ ಎರಡನೇ ಪಾಳಿ, ಭದ್ರಾವತಿ ಮತ್ತು ಶಿವಮೊಗ್ಗ ಬಸ್ ನಿಲ್ದಾಣದವರೆಗೆ ವ್ಯಾನ್ ಇದೆ. ಕೊಯ್ಲಿಗೆ 4 ದಿನ ರಜೆ. ನಿಂತು ಮಾಡುವ ಕೆಲಸ, ಕೂಲೆಂಟ್ ವಾಸನೆ ಇರುತ್ತದೆ. ಸೇರುವ ಮೊದಲು ಅರ್ಧ ದಿನ ಬಂದು ನೋಡಬಹುದು."

ಕೊನೆಯ ಎರಡು ಸಾಲು ಬಿಡಬೇಡಿ. ವಾಸನೆ, ಶಾಖ, ನಿಲ್ಲುವುದು ಇವನ್ನು ಮೊದಲೇ ಹೇಳಿದರೆ ನಾಲ್ಕು ಜನ ಬರದೇ ಇರಬಹುದು. ಅವರು ಹೇಗೂ ಎರಡನೇ ವಾರಕ್ಕೆ ಹೋಗುವವರೇ.

ಇದನ್ನು ಹಾಕುವ ಜಾಗಗಳು: ಐಟಿಐ, ಪಾಲಿಟೆಕ್ನಿಕ್‌ಗಳ ಪ್ಲೇಸ್‌ಮೆಂಟ್ ನೋಡುವ ಮೇಷ್ಟ್ರು, ಕೆಲಸಗಾರರ ವಾಟ್ಸಾಪ್ ಸ್ಟೇಟಸ್, ಭದ್ರಾವತಿ ಆಕಾಶವಾಣಿ, ಹಾಲಿನ ಸೊಸೈಟಿಯ ಬೋರ್ಡು. ಅಪ್ರೆಂಟಿಸ್ ತೆಗೆದುಕೊಳ್ಳುವುದು 30 ಅಥವಾ ಹೆಚ್ಚು ಜನ ಇರುವ ಘಟಕಕ್ಕೆ ಹೇಗೂ ಕಡ್ಡಾಯ. ಒಂದು ವರ್ಷ ನೋಡಿ ಕಾಯಂ ಮಾಡಿಕೊಳ್ಳುವುದಕ್ಕಿಂತ ಒಳ್ಳೆಯ ಇಂಟರ್‌ವ್ಯೂ ಇಲ್ಲ. ಜನ ಕರೆತಂದ ಕೆಲಸಗಾರನಿಗೆ 3,000 ಕೊಡುವುದಾದರೆ 1,000 ಮೊದಲ ತಿಂಗಳ ಮೇಲೆ, 2,000 ಆರು ತಿಂಗಳ ಮೇಲೆ ಕೊಡಿ. ಇದರಲ್ಲೊಂದು ಗುಂಡಿ ಇದೆ: ಒಂದು ವಿಭಾಗಕ್ಕೆ ಒಂದೇ ಊರಿನವರು ತುಂಬಿಕೊಂಡರೆ ಊರಿನಲ್ಲೊಂದು ಮದುವೆ ಬಂದ ದಿನ ವಿಭಾಗವೇ ಬಂದ್, ಒಬ್ಬನಿಗೆ ಬೈದರೆ ಎಂಟು ಜನ ಒಟ್ಟಿಗೆ ಹೊರಗೆ. ಮೂರನೇ ಒಂದಕ್ಕಿಂತ ಹೆಚ್ಚು ಆಗದ ಹಾಗೆ ನೋಡಿಕೊಳ್ಳಿ.

ಇಂಟರ್‌ವ್ಯೂಗೆ ಸೊರಬದಿಂದಲೋ ಹೊಸನಗರದಿಂದಲೋ ಬಂದವನಿಗೆ ಬಸ್ ಚಾರ್ಜ್ ಕೊಡಿ, ಊಟದ ಹೊತ್ತಾಗಿದ್ದರೆ ಊಟ ಹಾಕಿ. "ತಿಳಿಸ್ತೀವಿ" ಅಂತ ಕಳಿಸಿ ತಿಳಿಸದೇ ಇರುವುದು ಈ ಕಡೆಯ ದೊಡ್ಡ ಕೆಟ್ಟ ಚಾಳಿ. ಆಗಲ್ಲ ಅನ್ನುವುದನ್ನೂ ಎರಡು ದಿನದಲ್ಲಿ ಫೋನ್ ಮಾಡಿ ಹೇಳಿ.

ಗೂಗಲ್ ಮ್ಯಾಪ್‌ನಲ್ಲಿ, ಕೆಲಸಗಾರರು ಕಂಪನಿಗಳ ಬಗ್ಗೆ ಬರೆಯುವ ಆಂಬಿಷನ್‌ಬಾಕ್ಸ್ ವೆಬ್‌ಸೈಟಿನಲ್ಲಿ ಯಾರಾದರೂ ಬೈದು ಬರೆದಿದ್ದರೆ ಒಂದು ವಾರದೊಳಗೆ ಮೂರು ಸಾಲಿನ ಉತ್ತರ ಸಾಕು: ಆಗಿದ್ದೇನು ಅಂತ ಒಪ್ಪಿಕೊಳ್ಳಿ, ಈಗ ಏನು ಬದಲಾಗಿದೆ ಹೇಳಿ, ಮಾತಾಡಲು ಒಂದು ನಂಬರು ಕೊಡಿ. ಎಲ್ಲ ಸಿಬ್ಬಂದಿಯಿಂದ ಒಂದೇ ದಿನ ಐದು ಸ್ಟಾರ್ ಹಾಕಿಸಬೇಡಿ, ನೋಡಿದವರು ನಗುತ್ತಾರೆ. ಫೋಟೋ ಹಾಕುವುದಾದರೆ ಊಟದ ಕೋಣೆ, ಲಾಕರ್, ವ್ಯಾನು, ಶೌಚಾಲಯ. ಮಾಲೀಕರು ರಿಬ್ಬನ್ ಕತ್ತರಿಸುವ ಫೋಟೋಗಿಂತ ಇವಕ್ಕೆ ಬೆಲೆ. ಕೆಲಸಗಾರರ ಮುಖ ಬರುವುದಾದರೆ ಕೇಳಿ ಹಾಕಿ.

ಮೊದಲ 90 ದಿನ

ಮೊದಲ ದಿನ ಗೇಟಿನಲ್ಲಿ ವಾಚ್‌ಮನ್ "ಯಾರು ಬೇಕು?" ಅಂದರೆ ಅಲ್ಲೇ ಅರ್ಧ ಕೆಟ್ಟಿತು. ಹೆಸರು ಗೇಟಿನಲ್ಲಿರಬೇಕು, ಸೇಫ್ಟಿ ಶೂ ಅವನ ಅಳತೆಯದು ತಯಾರಿರಬೇಕು (ನಂಬರ್ 8 ಕಾಲಿಗೆ 10ರ ಶೂ ಕೊಟ್ಟು ಒಂದು ವಾರ ತಳ್ಳುವ ಕಡೆಗಳಿವೆ), ನೇಮಕಾತಿ ಪತ್ರ ಅವತ್ತೇ ಕೈಗೆ ಬರಬೇಕು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರವೂ ಪತ್ರ ಕೊಡಲೇಬೇಕು. ಮಧ್ಯಾಹ್ನ ಯಾರ ಜೊತೆ ಕೂತು ಉಣ್ಣುತ್ತಾನೆ ಅಂತ ಮೊದಲೇ ಒಬ್ಬರಿಗೆ ಹೇಳಿಡಿ. ಹೊಸ ಜಾಗದಲ್ಲಿ ಒಬ್ಬನೇ ಡಬ್ಬಿ ಬಿಚ್ಚುವುದು ಎಲ್ಲರಿಗೂ ಕಷ್ಟ. 7ನೇ, 30ನೇ, 90ನೇ ದಿನ ಹತ್ತು ನಿಮಿಷ ಮಾತಾಡಿ. ಕೇಳಬೇಕಾದ್ದು "ಹೆಂಗಿದೆ?" ಅಂತಲ್ಲ, "ಬರುವಾಗ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ಏನು ವ್ಯತ್ಯಾಸ?" ಅಂತ.

ಹೋಂಸ್ಟೇ, ರೆಸಾರ್ಟ್‌ನವರಿಗೆ ಎರಡು ಮಾತು

ಜನ ನಿಮ್ಮಲ್ಲೇ ಉಳಿಯುವುದರಿಂದ ಅವರ ಕೋಣೆಯೇ ನಿಮ್ಮ ಹೆಸರು. ಅತಿಥಿಗೆ ಬಿಸಿನೀರು, ಸಿಬ್ಬಂದಿಗೆ ಸೋರುವ ಶೀಟು ಇದ್ದರೆ ಯಾವ ಸಂಬಳವೂ ಹಿಡಿದಿಡುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲದ ಕಡೆ ವೈಫೈ ಕೊಡಿ, ರಾತ್ರಿ ಮನೆಗೆ ಮಾತಾಡಲಿ. ಶನಿವಾರ, ಭಾನುವಾರ ರಜೆ ಕೊಡಲಾಗದು, ಹಾಗಾದರೆ ವಾರದ ಮಧ್ಯೆ ಕೊಡಿ, ಎರಡು ತಿಂಗಳಿಗೊಮ್ಮೆ 3 ದಿನ ಒಟ್ಟಿಗೆ ಕೊಡಿ, ಊರಿಗೆ ಹೋಗಿ ಬರುವಂತಿರಲಿ. ಟಿಪ್ಸ್ ಒಂದೇ ಡಬ್ಬಿಗೆ ಬಿದ್ದು ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಹಂಚಿಕೆಯಾಗಲಿ. ಗಿರಾಕಿ ಕಡಿಮೆ ಇರುವ ತಿಂಗಳಲ್ಲಿ ಸಂಬಳ ಇಲ್ಲದೆ ಮನೆಗೆ ಕಳಿಸಿದವರು ಸೀಸನ್‌ಗೆ ವಾಪಸ್ ಬರುವುದಿಲ್ಲ. ಆ ದಿನಗಳಲ್ಲಿ ಅರ್ಧ ಸಂಬಳಕ್ಕೆ ತರಬೇತಿ, ಬಣ್ಣ, ರಿಪೇರಿ ಅಂತ ಇಟ್ಟುಕೊಳ್ಳುವುದು ಹೊಸಬರನ್ನು ಹುಡುಕುವುದಕ್ಕಿಂತ ಅಗ್ಗ. ಕಾಡಂಚಿನಲ್ಲಿದ್ದರೆ ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಭಯ. ಸೌದೆಗೆ, ಟ್ರೆಕ್ಕಿಂಗ್‌ಗೆ ಹೋಗುವ ಸಿಬ್ಬಂದಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಆರೋಗ್ಯ ಇಲಾಖೆಯ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಬಂದ ಮೇಲೆ ಬಿಸಿನೀರಿನ ಸ್ನಾನ.

ಬಿಡುವವನನ್ನು ಕಳಿಸುವ ರೀತಿ

ಹೆಸರು ಕೆಡುವುದು ಹೆಚ್ಚಾಗಿ ಕೊನೆಯ ವಾರದಲ್ಲೇ. ಕೊನೆ ತಿಂಗಳ ಸಂಬಳ ಹಿಡಿದಿಡುವುದು, ಮಾರ್ಕ್ಸ್ ಕಾರ್ಡ್ ಅಡ ಇಟ್ಟುಕೊಳ್ಳುವುದು, "ಇನ್ನು ಹದಿನೈದು ದಿನ ಬಿಟ್ಟು ಬಾ" ಅಂತ ಓಡಾಡಿಸುವುದು. ಒರಿಜಿನಲ್ ದಾಖಲೆ ಯಾರದ್ದೂ ಇಟ್ಟುಕೊಳ್ಳಬೇಡಿ, ಫೋಟೋಕಾಪಿ ಸಾಕು. ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು, ಗ್ರ್ಯಾಚುಟಿ 30 ದಿನದೊಳಗೆ. ಅನುಭವ ಪತ್ರ ಕೇಳುವ ಮೊದಲೇ ಕೊಡಿ. ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ತುಂಬುವುದನ್ನು ಮರೆಯಬೇಡಿ. ಅದು ಖಾಲಿ ಇದ್ದರೆ ಅವನ ದುಡ್ಡು ತೆಗೆಯಲು, ವರ್ಗಾಯಿಸಲು ಅಡ್ಡಿ, ಸೈಬರ್ ಸೆಂಟರಿನವನು ಎಲ್ಲರ ಎದುರು "ನಿಮ್ಮ ಕಂಪನಿಯವರು ಮಾಡಿಲ್ಲ ಕಣ್ರೀ" ಅನ್ನುತ್ತಾನೆ.

ವಾಪಸ್ ಬರುತ್ತೇನೆ ಅಂದವನಿಗೂ ನಿಯಮ ಇರಲಿ: 12 ತಿಂಗಳೊಳಗೆ ಬಂದರೆ ಬಿಟ್ಟಾಗಿದ್ದ ಹಂತಕ್ಕೇ, ಅದೇ ಸಂಬಳಕ್ಕೆ ಸೇರಿಸಿ, ಒಂದು ತಿಂಗಳ ನಂತರ ಮುಂದಿನ ಹಂತದ ಪರೀಕ್ಷೆಗೆ ಕೂರಿಸಿ. ಹೊರಗಿಂದ ಬಂದ ಅಂತ ಇರುವವರಿಗಿಂತ ಹೆಚ್ಚು ಕೊಟ್ಟರೆ ಉಳಿದವರೂ ಒಂದು ಸುತ್ತು ಹೊರಗೆ ಹೋಗಿ ಬರೋಣ ಅಂದುಕೊಳ್ಳುತ್ತಾರೆ. ಮೊದಲು ಮಾಡಿದ ಆರು ಕಾಲಂನ ಹಾಳೆಗೆ ಏಳನೆಯದನ್ನು ಸೇರಿಸಿ, ಪ್ರತಿ ಮೂರು ತಿಂಗಳಿಗೊಮ್ಮೆ ನೋಡಿ: ವಾಪಸ್ ಬಂದವರು, ಅಥವಾ ತಮ್ಮ ಬಳಗದ ಒಬ್ಬರನ್ನಾದರೂ ಕಳಿಸಿದವರು ಎಷ್ಟು ಜನ. ವರ್ಷ ಕಳೆದರೂ ಆ ಕಾಲಂ ಖಾಲಿ ಇದ್ದರೆ ಮತ್ತೆ ಫೋನ್ ಹಿಡಿದು ಕೂರಬೇಕು.